ಹರಡಿದ ಸ್ತನ ಕ್ಯಾನ್ಸರ್ ಮತ್ತು ಮುಗಿಯದ ಚಿಕಿತ್ಸೆ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಅಧ್ಯಯನ ಪಾಠ: ಆರೋಗ್ಯ ಮತ್ತು ಸಾಮಾಜಿಕ ನ್ಯಾಯ



ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಸ್ತನ ಕ್ಯಾನ್ಸರ್ ಕುರಿತು ಜಾಗೃತಿ ಕಾರ್ಯಕ್ರಮಗಳು ನಡೆಯುತ್ತವೆ. ಬೇಗ ಪತ್ತೆ ಹಚ್ಚಿದರೆ ಗುಣಪಡಿಸಬಹುದು ಎಂಬುದು ಆ ಕಾರ್ಯಕ್ರಮಗಳ ಮುಖ್ಯ ಸಂದೇಶ. ಅದು ಸತ್ಯ, ಮತ್ತೆ ಮತ್ತೆ ಹೇಳಬೇಕಾದ ಮಾತು. ಆದರೆ ಅದೇ ಸಭೆಯಲ್ಲಿ, ರೋಗವು ಈಗಾಗಲೇ ದೇಹದ ಇತರ ಭಾಗಗಳಿಗೆ ಹರಡಿರುವ ಮಹಿಳೆಯೊಬ್ಬರು ಕುಳಿತಿದ್ದರೆ, ಆ ಮಾತಿನಲ್ಲಿ ಅವರಿಗೆ ಸ್ಥಳವಿರುವುದಿಲ್ಲ. ಇಂತಹವರನ್ನು ನೆನೆಯುವ ಸಲುವಾಗಿಯೇ ಅಕ್ಟೋಬರ್ 13ನ್ನು ಹರಡಿದ ಸ್ತನ ಕ್ಯಾನ್ಸರ್ ಜಾಗೃತಿ ದಿನವಾಗಿ ಹಲವು ದೇಶಗಳಲ್ಲಿ ಆಚರಿಸಲಾಗುತ್ತದೆ.

ನಾನು ಕಾರ್ಯನಿರ್ವಹಿಸುತ್ತಿರುವ ಗ್ರಾಮ ಪಂಚಾಯತಿಯಲ್ಲಿ ಒಬ್ಬ ಸದಸ್ಯೆ ಈ ಸ್ಥಿತಿಯಲ್ಲಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ಈ ಪಾಠವನ್ನು ಸಿದ್ಧಪಡಿಸಲಾಗಿದೆ. ಕರಡನ್ನು ಅವರು ಓದಿ ಒಂದೇ ಒಂದು ತಿದ್ದುಪಡಿ ಸೂಚಿಸಿದರು. ನಾನು "ರೋಗಪೀಡಿತ ಮಹಿಳೆ" ಎಂದು ಬರೆದಿದ್ದ ಕಡೆಗಳಲ್ಲೆಲ್ಲ "ಸದಸ್ಯೆ" ಎಂದು ಬರೆಯಬೇಕೆಂದರು. ಅದರಂತೆ ತಿದ್ದಲಾಗಿದೆ.

ಪಾಠದ ಉದ್ದೇಶ

ಈ ಪಾಠವನ್ನು ಓದಿದ ಬಳಿಕ ಸದಸ್ಯರು ಮೂರು ಸಂಗತಿಗಳನ್ನು ವಿವರಿಸಲು ಶಕ್ತರಾಗಬೇಕು. ಮೊದಲನೆಯದು, ಹರಡಿದ ಸ್ತನ ಕ್ಯಾನ್ಸರ್ ಎಂದರೇನು ಮತ್ತು ಅದರ ಚಿಕಿತ್ಸೆ ಏಕೆ ಮುಂದುವರಿಯುತ್ತಲೇ ಇರುತ್ತದೆ. ಎರಡನೆಯದು, ಅಂತಹ ಚಿಕಿತ್ಸೆ ಹಳ್ಳಿಯಲ್ಲಿ ಯಾವ ಯಾವ ಕಾರಣಗಳಿಂದ ತಪ್ಪಿಹೋಗುತ್ತದೆ. ಮೂರನೆಯದು, ಆ ಕಾರಣಗಳಲ್ಲಿ ಎಷ್ಟು ನಮ್ಮ ಕೈಯಲ್ಲೇ ಇವೆ.

1. ರೋಗದ ಪರಿಚಯ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಜೀವಕೋಶಗಳು ರಕ್ತ ಅಥವಾ ದುಗ್ಧರಸದ ಮೂಲಕ ಸಾಗಿ ಬೇರೆ ಅಂಗಗಳಲ್ಲಿ ನೆಲೆಸಿದಾಗ ಅದನ್ನು ಹರಡಿದ ಕ್ಯಾನ್ಸರ್ ಅಥವಾ ನಾಲ್ಕನೆಯ ಹಂತದ ಕ್ಯಾನ್ಸರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮೂಳೆ, ಯಕೃತ್ತು, ಶ್ವಾಸಕೋಶ ಮತ್ತು ಮೆದುಳಿಗೆ ಹರಡುತ್ತದೆ. ಮೂಳೆಗೆ ಹರಡಿದರೂ ಅದು ಮೂಳೆ ಕ್ಯಾನ್ಸರ್ ಆಗುವುದಿಲ್ಲ. ಸ್ತನ ಕ್ಯಾನ್ಸರ್ ಆಗಿಯೇ ಉಳಿಯುತ್ತದೆ ಮತ್ತು ಸ್ತನ ಕ್ಯಾನ್ಸರಿನ ಔಷಧಗಳಿಂದಲೇ ಚಿಕಿತ್ಸೆ ನೀಡಲಾಗುತ್ತದೆ.

ಮೊದಲ ಚಿಕಿತ್ಸೆ ಮುಗಿದು ಹಲವು ವರ್ಷಗಳ ನಂತರವೂ ರೋಗ ಹೀಗೆ ಮರಳಬಹುದು. ನಮ್ಮ ಸದಸ್ಯೆಗೆ ಆದದ್ದೂ ಹಾಗೆಯೇ. ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷಗಳ ಬಳಿಕ ಸೊಂಟದ ನೋವು ಆರಂಭವಾಯಿತು. ಹೊಲದ ಕೆಲಸದ ನೋವೆಂದು ಎರಡು ತಿಂಗಳು ಎಣ್ಣೆ ಹಚ್ಚಿಕೊಂಡಿದ್ದರು. ಕೊನೆಗೆ ಸ್ಕ್ಯಾನ್ ಮಾಡಿದಾಗ ಮೂಳೆಗೆ ಹರಡಿರುವುದು ತಿಳಿಯಿತು. ಹಿಂದೊಮ್ಮೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಲ್ಲಿ ಮೂಳೆ ನೋವು, ಬಿಡದ ಕೆಮ್ಮು, ಉಸಿರಾಟದ ತೊಂದರೆ, ಕಾಮಾಲೆ ಅಥವಾ ನಿರಂತರ ತಲೆನೋವು ಕೆಲವು ವಾರ ಉಳಿದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಗ್ರಾಮಗಳಲ್ಲಿ ಈ ಕುರಿತು ಇರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ನಿವಾರಿಸಿಕೊಳ್ಳಬೇಕು. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡುವುದರಿಂದಾಗಲಿ, ಮಕ್ಕಳನ್ನು ಎತ್ತಿಕೊಳ್ಳುವುದರಿಂದಾಗಲಿ ಅದು ಬರುವುದಿಲ್ಲ. ತಾಯಿಗೆ ಬಂದ ಮಾತ್ರಕ್ಕೆ ಮಗಳಿಗೂ ಬಂದೇ ಬರುತ್ತದೆ ಎಂಬುದೂ ಸರಿಯಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇಕಡ 5ರಿಂದ 10ರಷ್ಟು ಮಾತ್ರ ವಂಶವಾಹಿ ದೋಷದಿಂದ ಬರುವಂಥವು. ಈ ಒಂದು ಮಾತನ್ನು ತಿಳಿಯದ ಕಾರಣಕ್ಕೆ ಹೆಣ್ಣುಮಕ್ಕಳ ಮದುವೆ ಸಂಬಂಧಗಳು ಮುರಿದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ.

2. ಮುಗಿಯದ ಚಿಕಿತ್ಸೆ ಎಂದರೇನು?

ನಾನು ಓದಿದ್ದು ಎಂಜಿನಿಯರಿಂಗ್, ವೈದ್ಯಕೀಯವಲ್ಲ. ಆದುದರಿಂದ ಈ ವಿಷಯ ನನಗೆ ಅರ್ಥವಾದದ್ದು ನಮ್ಮ ಕಚೇರಿಯ ಭಾಷೆಯಲ್ಲಿಯೇ. ನಮ್ಮಲ್ಲಿ ಎರಡು ಬಗೆಯ ವೆಚ್ಚಗಳಿವೆ. ಚರಂಡಿ ಕಟ್ಟಿದರೆ ಅದು ಕಾಮಗಾರಿ. ಅಳತೆ ಪುಸ್ತಕದಲ್ಲಿ ದಾಖಲಾಗಿ, ಪೂರ್ಣಗೊಂಡ ಪ್ರಮಾಣಪತ್ರ ಬಂದು, ಬಿಲ್ಲು ಪಾವತಿಯಾದರೆ ಕಡತ ಮುಗಿಯಿತು. ಕುಡಿಯುವ ನೀರಿನ ಯೋಜನೆಯಲ್ಲಿ ಮಾತ್ರ ಕಾಮಗಾರಿ ಮುಗಿದ ಮೇಲೂ ನಿರ್ವಹಣೆ ಉಳಿಯುತ್ತದೆ. ಮೋಟಾರು ನೋಡಬೇಕು, ವಾಲ್ವ್ ತಿರುಗಿಸಬೇಕು, ಕ್ಲೋರಿನ್ ಹಾಕಬೇಕು, ವಿದ್ಯುತ್ ಬಿಲ್ಲು ಕಟ್ಟಬೇಕು. ಪ್ರತಿ ವರ್ಷದ ಕ್ರಿಯಾಯೋಜನೆಯಲ್ಲಿ ಅದಕ್ಕೆ ಹಣ ಇಡಲೇಬೇಕು. ಇಡದಿದ್ದರೆ ಟ್ಯಾಂಕು ನಿಂತಿರುತ್ತದೆ, ನೀರು ಬರುವುದಿಲ್ಲ.

ಆರಂಭದ ಹಂತದ ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಕಾಮಗಾರಿಗೆ ಹೋಲಿಸಬಹುದು. ಅದಕ್ಕೆ ಒಂದು ಆರಂಭವಿದೆ, ಒಂದು ಮುಕ್ತಾಯವಿದೆ. ಹರಡಿದ ಕ್ಯಾನ್ಸರ್ ಚಿಕಿತ್ಸೆ ನಿರ್ವಹಣೆಯಂತಹುದು. ರೋಗವನ್ನು ಸಂಪೂರ್ಣವಾಗಿ ತೆಗೆದುಹಾಕುವುದು ಇಂದಿನ ವೈದ್ಯಕೀಯಕ್ಕೆ ಸಾಮಾನ್ಯವಾಗಿ ಸಾಧ್ಯವಿಲ್ಲ. ಅದನ್ನು ಹತೋಟಿಯಲ್ಲಿಡುವುದು, ನೋವನ್ನು ತಗ್ಗಿಸುವುದು, ಬದುಕನ್ನು ಆದಷ್ಟು ಉದ್ದವಾಗಿ ಮತ್ತು ಆದಷ್ಟು ಚೆನ್ನಾಗಿ ಮುಂದುವರಿಸುವುದು ಚಿಕಿತ್ಸೆಯ ಗುರಿ. ಒಂದು ಔಷಧ ಕೆಲಸ ಮಾಡುವವರೆಗೆ, ದೇಹ ಅದನ್ನು ತಾಳುವವರೆಗೆ ಅದನ್ನು ಮುಂದುವರಿಸುತ್ತಾರೆ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಆ ಔಷಧದ ಹಿಡಿತ ತಪ್ಪಿದಾಗ ಮುಂದಿನ ಔಷಧಕ್ಕೆ ಬದಲಾಯಿಸುತ್ತಾರೆ. ಹೀಗೆ ಅನೇಕರು ವರ್ಷಗಟ್ಟಲೆ ಮನೆ, ಹೊಲ, ಉದ್ಯೋಗಗಳನ್ನು ನೋಡಿಕೊಂಡು ಬಾಳುತ್ತಿದ್ದಾರೆ.

ಔಷಧಗಳ ಆಯ್ಕೆ ಗಡ್ಡೆಯ ಗುಣವನ್ನು ಅವಲಂಬಿಸಿದೆ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಾದರೆ ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್ ಮುಂತಾದ ಮಾತ್ರೆಗಳಿವೆ. ಹರ್-2 ಎಂಬ ಪ್ರೋಟೀನ್ ಹೆಚ್ಚಾಗಿರುವ ಗಡ್ಡೆಗೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ದುಬಾರಿಯಾಗಿದ್ದ ಇದರ ಸಮಾನ ರೂಪವೊಂದನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಈ ಎರಡೂ ಗುಣಗಳಿಲ್ಲದ ಗಡ್ಡೆಗಳಿಗೆ ಮುಖ್ಯವಾಗಿ ಕಿಮೋಥೆರಪಿ ನೀಡುತ್ತಾರೆ. ಮೂಳೆಗೆ ಹರಡಿದ್ದರೆ ಮೂಳೆಯನ್ನು ಬಲಪಡಿಸುವ ಜೋಲೆಡ್ರೋನಿಕ್ ಆಮ್ಲದಂತಹ ಇಂಜೆಕ್ಷನ್ ಸೇರುತ್ತದೆ.

ಗ್ರಾಮದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತೆ?" ಈ ಪ್ರಶ್ನೆಗೆ ಆ ಮನೆಯವರ ಬಳಿ ಉತ್ತರವಿರುವುದಿಲ್ಲ. ಔಷಧ ಬದಲಾಯಿಸಿದ ಸುದ್ದಿ ತಿಳಿದರೆ "ಡಾಕ್ಟರು ಕೈಬಿಟ್ಟರಂತೆ" ಎಂದು ಊರು ಮಾತನಾಡುತ್ತದೆ. ನಮ್ಮ ಸದಸ್ಯೆಯ ಔಷಧ ಬದಲಾದಾಗ ನಾನೂ ಗಾಬರಿಗೊಂಡು ವಿಚಾರಿಸಿದ್ದೆ. ಅವರು ನಕ್ಕು, "ಸರ್, ಬೀದಿ ದೀಪ ಕೆಟ್ಟರೆ ಕಂಬ ಕೀಳ್ತೀರಾ? ಬಲ್ಬು ಬದಲಾಯಿಸ್ತೀರಲ್ಲ, ಇದೂ ಹಂಗೇಯ" ಎಂದರು.

3. ಮೂರು ವಾರಗಳ ಲೆಕ್ಕ

ಚಿಕಿತ್ಸೆಯಲ್ಲಿರುವವರ ದಿನಗಳು ತಿಂಗಳ ಕ್ಯಾಲೆಂಡರಿನಂತೆ ನಡೆಯುವುದಿಲ್ಲ. ಹಲವು ಔಷಧಗಳು 21 ದಿನಗಳ ಸುತ್ತಿನಲ್ಲಿರುತ್ತವೆ. ನಮ್ಮ ಸದಸ್ಯೆಗೆ ಮೊದಲು ಮೂರು ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೋಥೆರಪಿಯನ್ನು ರಕ್ತನಾಳದ ಮೂಲಕ ನೀಡಲಾಗುತ್ತಿತ್ತು. ಇಂಜೆಕ್ಷನ್ ಆದ ಮೊದಲ ವಾರ ಮೈಕೈ ನೋವು, ವಾಕರಿಕೆ, ಸುಸ್ತು. ಎರಡನೆಯ ವಾರ ಮೇಲ್ನೋಟಕ್ಕೆ ಚೇತರಿಕೆ ಕಾಣುತ್ತದೆ. ಆದರೆ ರೋಗನಿರೋಧಕ ಬಿಳಿ ರಕ್ತಕಣಗಳು ಅತಿ ಕಡಿಮೆಯಾಗುವುದು ಆಗಲೇ. ಮೂರನೆಯ ವಾರ ಅವರ ಒಳ್ಳೆಯ ವಾರ. ಹೊಲಕ್ಕೆ ಹೋಗುತ್ತಾರೆ, ಸಭೆಗೆ ಬರುತ್ತಾರೆ, ತಮ್ಮ ವಾರ್ಡಿನ ಅರ್ಜಿಗಳನ್ನು ಹಿಡಿದು ನನ್ನ ಮೇಜಿನ ಮುಂದೆ ಕೂರುತ್ತಾರೆ. ಆಗ ನೋಡಿದವರು "ಇವರಿಗೇನೂ ಆಗಿಲ್ಲ" ಎನ್ನುತ್ತಾರೆ. ಮೊದಲ ವಾರದಲ್ಲಿ ನೋಡಿದವರು "ಮುಗಿಯಿತು" ಎನ್ನುತ್ತಾರೆ. ಎರಡೂ ತಪ್ಪು. ಒಬ್ಬ ವ್ಯಕ್ತಿಯನ್ನು 21 ದಿನಗಳಲ್ಲಿ ಒಂದು ದಿನ ಮಾತ್ರ ನೋಡಿ ಹೇಳುವ ಮಾತು ಅದು.

ಮನೆಯವರೂ ಈ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಅಡುಗೆ, ದನಕರು, ನೀರು, ಮಕ್ಕಳ ಶಾಲೆ ಎಲ್ಲವೂ ಆ ಮೊದಲ ವಾರದಲ್ಲಿ ಬೇರೊಬ್ಬರ ಹೆಗಲಿಗೆ ಬೀಳುತ್ತವೆ. ಆ ಹೆಗಲು ಬಹುತೇಕ ಮನೆಯ ಹಿರಿಯ ಮಗಳದ್ದಾಗಿರುತ್ತದೆ. ಇಂತಹ ಮನೆಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಗುವಿದ್ದರೆ ಹಾಜರಾತಿಯ ಕಡೆ ಗಮನ ಕೊಡುವುದು ವಾರ್ಡ್ ಸದಸ್ಯರ ಕರ್ತವ್ಯ.

4. ನೀರು ಮತ್ತು ಜ್ವರ

ಈ ಭಾಗವನ್ನು ನನ್ನದೇ ಲೋಪದಿಂದ ಕಲಿತಿದ್ದೇನೆ.

ನಾಲ್ಕನೆಯ ಸುತ್ತಿನ ಹತ್ತನೆಯ ದಿನ ರಾತ್ರಿ ಸದಸ್ಯೆಗೆ ಜ್ವರ ಬಂದಿತು. ಮಳೆಗಾಲದಲ್ಲಿ ಜ್ವರ ಎಲ್ಲರಿಗೂ ಬರುತ್ತದೆಂದು ಒಂದು ಮಾತ್ರೆ ನುಂಗಿ ಮಲಗಿದರು. ಬೆಳಿಗ್ಗೆ ಎದ್ದು ನಿಲ್ಲಲಾಗಲಿಲ್ಲ. ಆಂಬ್ಯುಲೆನ್ಸ್‌ನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಿ, ಆರು ದಿನ ಆಸ್ಪತ್ರೆಯಲ್ಲಿಟ್ಟು, ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ನೀಡಿ ಉಳಿಸಿಕೊಂಡರು. ಮುಂದಿನ ಸುತ್ತು ಎರಡು ವಾರ ತಡವಾಯಿತು.

ಕಿಮೋಥೆರಪಿಯಲ್ಲಿರುವವರಿಗೆ ಜ್ವರ ಎಂದರೆ ತುರ್ತು ಪರಿಸ್ಥಿತಿ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಮನೆಯಲ್ಲಿ ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಮಲಗಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಕಿಮೋಥೆರಪಿ ಪಡೆಯುತ್ತಿರುವುದಾಗಿ ಮೊದಲ ವಾಕ್ಯದಲ್ಲೇ ಹೇಳಬೇಕು. ಈ ಮಾತು ಆಶಾ ಕಾರ್ಯಕರ್ತೆಗೂ, ಪಕ್ಕದ ಮನೆಯವರಿಗೂ ತಿಳಿದಿರಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು.

ಅವರು ಆಸ್ಪತ್ರೆಯಲ್ಲಿದ್ದ ವಾರ ನಾನು ನೀರುಗಂಟಿಯೊಂದಿಗೆ ಕ್ಲೋರೋಸ್ಕೋಪ್ ಹಿಡಿದು ಅವರ ಬೀದಿಯ ಕೊನೆಯ ನಲ್ಲಿಗೆ ಹೋದೆ. ಟ್ಯಾಂಕಿನ ಬುಡದಲ್ಲಿ ಹಳದಿ ಬಣ್ಣ ಸರಿಯಾಗಿ ಬಂದಿತ್ತು. ಬೀದಿಯ ಕೊನೆಯಲ್ಲಿ ನೀರು ಬಣ್ಣವೇ ತಿರುಗಲಿಲ್ಲ. ಅಂದರೆ ಅಲ್ಲಿ ಉಳಿಕೆ ಕ್ಲೋರಿನ್ ಇರಲಿಲ್ಲ. ವಹಿಯಲ್ಲಿ ಮಾತ್ರ ಪ್ರತಿದಿನ "ಸರಿಯಾಗಿದೆ" ಎಂದು ಬರೆದಿತ್ತು; ಅದಕ್ಕೆ ನಾನೇ ಸಹಿ ಮಾಡಿದ್ದೆ. ಅವರ ಜ್ವರಕ್ಕೆ ನೀರೇ ಕಾರಣವೆಂದು ಯಾವ ವೈದ್ಯರೂ ಹೇಳಲಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಬಿಳಿ ರಕ್ತಕಣಗಳಿಲ್ಲದ ಒಂದು ದೇಹಕ್ಕೆ ನಾನು ಆ ನೀರನ್ನು ಕಳುಹಿಸುತ್ತಿದ್ದೆ ಎಂಬುದು ದಾಖಲೆಯ ಸಂಗತಿ.

ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಮಾನಕ. ಅದನ್ನು ಟ್ಯಾಂಕಿನ ಬಳಿ ಮಾತ್ರ ಪರೀಕ್ಷಿಸಿದರೆ ಸಾಲದು. ಕೊಳವೆಯ ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಬೇಕು. ಈಗ ನಮ್ಮ ಪಂಚಾಯತಿಯಲ್ಲಿ ಪ್ರತಿ ಗ್ರಾಮದ ಕೊನೆಯ ನಲ್ಲಿಯ ಪರೀಕ್ಷೆ ಕಡ್ಡಾಯವಾಗಿದೆ. ಚಿಕಿತ್ಸೆಯಲ್ಲಿರುವವರು ಇದರ ಮೇಲೂ ಕುದಿಸಿ ಆರಿಸಿದ ನೀರನ್ನೇ ಕುಡಿಯುವುದು ಒಳ್ಳೆಯದು. ಆಹಾರ ಬಿಸಿಯಾಗಿರಲಿ, ಹಣ್ಣುಗಳನ್ನು ತೊಳೆದು ತಿನ್ನಲಿ. ನಂಜು ಎಂಬ ಹೆಸರಿನಲ್ಲಿ ಬೇಳೆ, ಮೊಟ್ಟೆ, ಮೊಸರು, ಮಾಂಸಗಳನ್ನೆಲ್ಲ ಬಿಡಿಸುವ ಪದ್ಧತಿ ನಮ್ಮಲ್ಲಿದೆ. ವೈದ್ಯರು ಬೇಡವೆನ್ನದಿದ್ದರೆ ಅವುಗಳನ್ನು ಬಿಡಬಾರದು. ಚಿಕಿತ್ಸೆ ತಾಳಲು ದೇಹಕ್ಕೆ ಪ್ರೋಟೀನ್ ಬೇಕು.

ನೀರಿನ ಇನ್ನೊಂದು ಪ್ರಶ್ನೆ ಭಾರದ್ದು. ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನಿನಲ್ಲಿ 20 ಕಿಲೋ ನೀರಿರುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದವರು ಅಂತಹ ಭಾರ ಎತ್ತಿದರೆ ಮೂಳೆ ಮುರಿಯುವ ಅಪಾಯವಿದೆ. ಮನೆಮನೆಗೆ ಗಂಗೆ ಯೋಜನೆಯಡಿ ನಲ್ಲಿ ಸಂಪರ್ಕ ಬಾಕಿಯಿರುವ ಮನೆಗಳ ಪಟ್ಟಿಯಲ್ಲಿ ಇಂತಹವರ ಮನೆಗೆ ಆದ್ಯತೆ ನೀಡಲು ಸಭೆ ತೀರ್ಮಾನಿಸಬಹುದು. ಸ್ವಂತ ಶೌಚಾಲಯವೂ ಅಷ್ಟೇ ಮುಖ್ಯ. ಕಿಮೋಥೆರಪಿಯಾದ ಮೊದಲ ಎರಡು ದಿನ ಔಷಧದ ಅಂಶ ಮಲಮೂತ್ರದಲ್ಲಿ ಹೊರಬರುತ್ತದೆ. ಆಗ ಶೌಚಾಲಯಕ್ಕೆ ಹೆಚ್ಚು ನೀರು ಸುರಿಯಬೇಕು, ಕೈಗಳನ್ನು ಸೋಪಿನಿಂದ ತೊಳೆಯಬೇಕು.

5. ಅಳಿದುಹೋದ ಬೆರಳಚ್ಚು

ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ಯಕೃತ್ತಿನಲ್ಲಿ ಹೊಸ ಚುಕ್ಕೆಗಳು ಕಂಡವು. ಮೇಲೆ ಹೇಳಿದ ಔಷಧ ಬದಲಾವಣೆ ನಡೆದದ್ದು ಆಗ. ಕೇಪ್‌ಸೈಟಬಿನ್ ಎಂಬ ಮಾತ್ರೆಯನ್ನು ಆರಂಭಿಸಿದರು: 14 ದಿನ ಮಾತ್ರೆ, 7 ದಿನ ಬಿಡುವು. ಮನೆಯಲ್ಲೇ ನುಂಗುವ ಮಾತ್ರೆಯೆಂದು ಎಲ್ಲರಿಗೂ ಸಮಾಧಾನವಾಯಿತು. ಇದು ಮಾತ್ರೆಯಾದರೂ ಕಿಮೋಥೆರಪಿಯೇ. ತೀವ್ರ ಭೇದಿ ಅಥವಾ ಬಾಯಿಹುಣ್ಣು ಆದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕೇಳಬೇಕು.

ಈ ಔಷಧದ ಮತ್ತೊಂದು ಪರಿಣಾಮ ಅಂಗೈ ಮತ್ತು ಅಂಗಾಲುಗಳ ಚರ್ಮ ಕೆಂಪಾಗಿ, ಒಣಗಿ, ಸುಲಿಯುವುದು. ಸುಲಿದ ಬೆರಳಿನಲ್ಲಿ ಬೆರಳಚ್ಚಿನ ಗೆರೆಗಳು ಅಳಿದುಹೋಗಬಹುದು. ಇದೇ ಔಷಧ ಸೇವಿಸುತ್ತಿದ್ದ ಸಿಂಗಪುರದ ರೋಗಿಯೊಬ್ಬರನ್ನು ಬೆರಳಚ್ಚು ಮೂಡದ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಡೆಹಿಡಿದ ಸಂಗತಿ 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ನಮ್ಮ ಸದಸ್ಯೆಯನ್ನು ತಡೆದದ್ದು ನ್ಯಾಯಬೆಲೆ ಅಂಗಡಿ. ಯಂತ್ರ ಅವರ ಹೆಬ್ಬೆರಳನ್ನು ಒಪ್ಪಲಿಲ್ಲ. ಮೂರು ಬಾರಿ ಒರೆಸಿ ಒತ್ತಿದರು, ಆಗಲಿಲ್ಲ. ಸಾಲಿನಲ್ಲಿದ್ದವರು ನೋಡುತ್ತಿದ್ದರು. ಅವರು ಚೀಲ ಮಡಚಿಕೊಂಡು ಮನೆಗೆ ಹೋದರು.

ನಮ್ಮ ಇಂದಿನ ಆಡಳಿತದಲ್ಲಿ ಹೆಬ್ಬೆರಳು ದೊಡ್ಡ ದಾಖಲೆ. ಪಡಿತರ, ಬ್ಯಾಂಕ್ ಮಿತ್ರರ ಬಳಿ ಹಣ, ಇ-ಕೆವೈಸಿ ಎಲ್ಲದಕ್ಕೂ ಅದು ಬೇಕು. ಪರಿಹಾರಗಳೂ ಇವೆ. ಪಡಿತರ ಚೀಟಿಯಲ್ಲಿರುವ ಕುಟುಂಬದ ಮತ್ತೊಬ್ಬ ಸದಸ್ಯರ ಬೆರಳಚ್ಚನ್ನು ಮುಂಚಿತವಾಗಿಯೇ ಜೋಡಿಸಿಟ್ಟುಕೊಳ್ಳಬೇಕು. ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಹಲವು ಸೇವೆಗಳಿಗೆ ಒಟಿಪಿ ಸಾಕು. ಕಣ್ಣಿನ ಪಾಪೆಯ ಗುರುತು ಮತ್ತೊಂದು ದಾರಿ. ಚರ್ಮ ಸುಲಿಯುವ ಮೊದಲೇ ಈ ಕೆಲಸಗಳನ್ನು ಮುಗಿಸಿಕೊಡುವುದು ಬಾಪೂಜಿ ಸೇವಾ ಕೇಂದ್ರದ ನಮ್ಮ ಸಿಬ್ಬಂದಿಗೆ ಅರ್ಧ ಗಂಟೆಯ ಕೆಲಸ.

ಪಡಿತರ ಚೀಟಿಯ ಮಹತ್ವ ಅಕ್ಕಿಗಷ್ಟೇ ಸೀಮಿತವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಭರಿಸಲಾಗುತ್ತದೆ. ಚೀಟಿ ರದ್ದಾದರೆ ಅಥವಾ ಹೆಸರು ಬಿಟ್ಟುಹೋದರೆ ನಡೆಯುತ್ತಿರುವ ಚಿಕಿತ್ಸೆಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಚೀಟಿ ಪರಿಶೀಲನೆಯ ಸಂದರ್ಭದಲ್ಲಿ ಇಂತಹ ಕುಟುಂಬಗಳ ಬಗ್ಗೆ ಸದಸ್ಯರು ವಿಶೇಷ ಎಚ್ಚರ ವಹಿಸುವುದು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಮುಂದಿನ ಸುತ್ತಿಗೆ ಒಂದು ವಾರ ಮೊದಲೇ ನೋಡಿಕೊಳ್ಳುವುದೂ ಅಗತ್ಯ.

6. ಪ್ರಯಾಣ

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯು 1973ರಿಂದ ಬೆಂಗಳೂರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿಯಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆ ಕಿಮೋಥೆರಪಿ ಕೇಂದ್ರಗಳು ಆರಂಭವಾಗಿವೆ. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಯೋಜನೆ ಸಿದ್ಧವಾದ ಮೇಲೆ ಕೆಲವು ಔಷಧಗಳನ್ನು ಜಿಲ್ಲಾ ಕೇಂದ್ರದಲ್ಲೇ ಪಡೆಯಲು ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು. ಒಂದು ಸುತ್ತಿಗೆ ಎರಡು ದಿನದ ಕೂಲಿ ಉಳಿಯುವುದು ಸಣ್ಣ ಮಾತಲ್ಲ.

ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರಿಗೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಜೊತೆಗೆ ಬರುವ ಗಂಡನಿಗೋ ಮಗನಿಗೋ ಮಾತ್ರ ಟಿಕೆಟ್ ಬೇಕು. ಭಾರತೀಯ ರೈಲ್ವೆಯು ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಎರಡನೆಯ ದರ್ಜೆಯಲ್ಲಿ ಶೇಕಡ 75, ಸ್ಲೀಪರ್ ದರ್ಜೆಯಲ್ಲಿ ಶೇಕಡ 100 ರಿಯಾಯಿತಿ ನೀಡುತ್ತದೆ. ಜೊತೆಗಾರರೊಬ್ಬರಿಗೆ ಶೇಕಡ 75 ರಿಯಾಯಿತಿಯಿದೆ. ಆಸ್ಪತ್ರೆ ನೀಡುವ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಈ ಮಾಹಿತಿಯನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಹಾಕಬಹುದು.

ನಮ್ಮ ಊರಿಗೆ ಮೊದಲ ಬಸ್ಸು ಬೆಳಗಿನ 5 ಗಂಟೆಗೆ. ಮನೆಯಿಂದ ನಿಲ್ದಾಣಕ್ಕೆ 400 ಮೀಟರ್ ದಾರಿ, ನಡುವೆ ಎರಡು ಬೀದಿ ದೀಪಗಳು ಉರಿಯುತ್ತಿರಲಿಲ್ಲ. ಕತ್ತಲಲ್ಲಿ ಎಡವಿ ಬಿದ್ದರೆ ಅವರ ಸೊಂಟದ ಮೂಳೆ ಉಳಿಯುವುದಿಲ್ಲ. ಬೀದಿ ದೀಪದ ಆ ದೂರು ನಮ್ಮ ವಹಿಯಲ್ಲಿ ಇತರ ಹದಿನೆಂಟು ದೂರುಗಳ ನಡುವೆ ಇತ್ತು.

7. ನೋವು ಮತ್ತು ಉಪಶಮನ ಆರೈಕೆ

ಉಪಶಮನ ಆರೈಕೆ ಎಂದರೆ ಸಾವಿನ ಸಮೀಪದ ಆರೈಕೆ ಎಂಬ ಭಾವನೆಯಿದೆ. ನೋವು, ವಾಕರಿಕೆ, ನಿದ್ರಾಹೀನತೆ, ಆತಂಕಗಳನ್ನು ತಗ್ಗಿಸುವ ಈ ಆರೈಕೆಯನ್ನು ರೋಗ ಪತ್ತೆಯಾದ ದಿನದಿಂದಲೇ ಮುಖ್ಯ ಚಿಕಿತ್ಸೆಯ ಜೊತೆಜೊತೆಗೆ ಪಡೆಯಬಹುದು. ಮೂಳೆಯ ನೋವಿಗೆ ಒಂದೇ ದಿನದ ವಿಕಿರಣ ಚಿಕಿತ್ಸೆಯಿಂದಲೂ ಎಷ್ಟೋ ಜನರಿಗೆ ಪರಿಹಾರ ಸಿಗುತ್ತದೆ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ವೈದ್ಯರ ನಿಗಾದಲ್ಲಿ ನೋವಿಗಾಗಿ ಸೇವಿಸಿದರೆ ಅದು ಚಟವಾಗುತ್ತದೆಂಬ ಭಯ ಬೇಡ. 2014ರ ಕಾನೂನು ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಒದಗಿಸುವುದು ಸುಲಭವಾಗಿದೆ. ಮನೆಯಲ್ಲಿ ನೋಡಿಕೊಳ್ಳಲಾಗದ ಹಂತ ಬಂದರೆ ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಉಚಿತ ಆರೈಕೆ ನೀಡುತ್ತವೆ.

ಒಂದು ಎಚ್ಚರಿಕೆ: ಮೂಳೆಗೆ ಹರಡಿದವರಲ್ಲಿ ಬೆನ್ನುನೋವು ಏಕಾಏಕಿ ಹೆಚ್ಚಾಗಿ, ಕಾಲುಗಳಲ್ಲಿ ಶಕ್ತಿ ಕುಂದಿದರೆ ಅಥವಾ ಮೂತ್ರದ ಹತೋಟಿ ತಪ್ಪಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ತಲುಪಬೇಕು. ತಡವಾದರೆ ನಡೆಯುವ ಶಕ್ತಿ ಮರಳದೇ ಹೋಗಬಹುದು.

ಮನಸ್ಸಿನ ಭಾರಕ್ಕೂ ಸಹಾಯವಿದೆ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ಆರೈಕೆ ಮಾಡುವ ಗಂಡ, ಅತ್ತೆ, ಮಕ್ಕಳೂ ಕರೆ ಮಾಡಬಹುದು.

8. ಮಾತು, ಗೌಪ್ಯತೆ ಮತ್ತು ಸದಸ್ಯತ್ವ

ಒಂದು ಸಾಮಾನ್ಯ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಅಕ್ಕ ರಾಜೀನಾಮೆ ಕೊಟ್ಟು ಮನೇಲಿ ಆರಾಮಾಗಿರಲಿ" ಎಂದರು. ಸಭೆ ಮೌನವಾಯಿತು. ಸದಸ್ಯೆ ಎದ್ದುನಿಂತು, "ಅಣ್ಣ, ನನಗೆ ಓಟು ಹಾಕಿದವರು ನನ್ನ ಸ್ಕ್ಯಾನ್ ನೋಡಿ ಹಾಕಿಲ್ಲ. ಆಗದ ದಿನ ನಾನೇ ಹೇಳ್ತೀನಿ. ಅಲ್ಲೀವರೆಗೂ ನನ್ನ ವಾರ್ಡಿನ ಚರಂಡಿ ವಿಷಯ ಮಾತಾಡೋಣ" ಎಂದರು. ಅಂದು ಚರಂಡಿಯ ವಿಷಯ ಅಂಗೀಕಾರವಾಯಿತು.

ಆ ಬಳಿಕ ಅಧ್ಯಕ್ಷರು ಸಭೆಯ ದಿನಾಂಕವನ್ನು ಸಾಧ್ಯವಾದಾಗಲೆಲ್ಲ ಅವರ ಮೂರನೆಯ ವಾರಕ್ಕೆ ಹೊಂದಿಸುತ್ತಿದ್ದಾರೆ. ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿಯನ್ನು ತರಿಸಲಾಗಿದೆ. ಬರಲಾಗದ ಸಭೆಗೆ ಮುಂಚಿತವಾಗಿ ಲಿಖಿತ ರಜೆ ಕೋರಿಕೆಯನ್ನು ಪಡೆದು ನಡಾವಳಿಯಲ್ಲಿ ದಾಖಲಿಸಲಾಗುತ್ತಿದೆ. ಅನುಮತಿಯಿಲ್ಲದ ಸತತ ಗೈರುಹಾಜರಿ ಸದಸ್ಯತ್ವಕ್ಕೆ ತೊಡಕಾಗಬಾರದು. ಕೋರಿಕೆಯಲ್ಲಿ "ವೈದ್ಯಕೀಯ ಕಾರಣ" ಎಂದಷ್ಟೇ ಬರೆದರೆ ಸಾಕು. ಯಾರದೇ ರೋಗದ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಗ್ರಾಮಸಭೆಯಲ್ಲಿ ಹೇಳುವುದಾಗಲಿ, ನಡಾವಳಿಯಲ್ಲಿ ಬರೆಯುವುದಾಗಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದಾಗಲಿ ಸಲ್ಲದು.

ಮನೆಗೆ ಹೋಗಿ ನೋಡುವವರಿಗೂ ಒಂದು ವಿನಂತಿ. ನೆಗಡಿ, ಕೆಮ್ಮು ಇದ್ದಾಗ ಹೋಗಬೇಡಿ. ನಾಟಿ ಔಷಧದ ಸಲಹೆ ನೀಡಿ ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡಿಸಬೇಡಿ. "ಧೈರ್ಯವಾಗಿರಿ" ಎಂದು ಹೇಳಿ ಬರುವುದಕ್ಕಿಂತ "ಈ ಗುರುವಾರ ಹಾಲು ಡೈರಿಗೆ ನಾನು ಹಾಕಿ ಬರುತ್ತೇನೆ" ಎಂದು ಹೇಳಿದರೆ ಆ ಮನೆಗೆ ಹೆಚ್ಚು ಪ್ರಯೋಜನ.

9. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಅ) ಆಶಾ ಕಾರ್ಯಕರ್ತೆ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯ ನೆರವಿನಿಂದ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ದೀರ್ಘಕಾಲೀನ ಚಿಕಿತ್ಸೆಯಲ್ಲಿರುವ ಕುಟುಂಬಗಳನ್ನು ಗುರುತಿಸುವುದು. ಪಟ್ಟಿಯನ್ನು ಗೋಪ್ಯವಾಗಿಡುವುದು.

ಆ) ಆ ಮನೆಗಳಿರುವ ಬೀದಿಯ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಪರೀಕ್ಷೆ, ನಲ್ಲಿ ಸಂಪರ್ಕ, ಶೌಚಾಲಯ ಮತ್ತು ಬೀದಿ ದೀಪಗಳಿಗೆ ಆದ್ಯತೆ ನೀಡುವುದು.

ಇ) ಪಡಿತರ ಚೀಟಿ, ಆಧಾರ್ ಮೊಬೈಲ್ ಜೋಡಣೆ, ಆರೋಗ್ಯ ಕಾರ್ಡ್‌ಗಳನ್ನು ಬಾಪೂಜಿ ಸೇವಾ ಕೇಂದ್ರದ ಸಿಬ್ಬಂದಿ ಪರಿಶೀಲಿಸಿ, ಕೊರತೆಯಿದ್ದರೆ ಸರಿಪಡಿಸಲು ನೆರವಾಗುವುದು.

ಈ) ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಸಲ್ಲಿಸಲು ಸಹಾಯ ಮಾಡುವುದು. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳ ಕಲ್ಯಾಣಕ್ಕೆ ಮೀಸಲಿರಿಸಿದ ಸ್ವಂತ ಸಂಪನ್ಮೂಲದಲ್ಲಿ ನೆರವು ಸಾಧ್ಯವೇ ಎಂಬುದನ್ನು ಮಾರ್ಗಸೂಚಿಗೆ ಒಳಪಟ್ಟು ಸಾಮಾಜಿಕ ನ್ಯಾಯ ಸಮಿತಿಯು ಪರಿಶೀಲಿಸುವುದು.

ಉ) 30 ವರ್ಷ ಮೇಲ್ಪಟ್ಟ ಮಹಿಳೆಯರು ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಮಾಡಿಸಿಕೊಳ್ಳುವಂತೆ ಪ್ರೇರೇಪಿಸುವುದು. ರೋಗ ಹರಡುವ ಮೊದಲೇ ಕಂಡುಹಿಡಿಯುವ ಕೆಲಸ ನಿಲ್ಲಬಾರದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಗ್ರಾಮದ ಯಾವ ನಲ್ಲಿ ಕೊಳವೆಯ ಕೊನೆಯಲ್ಲಿದೆ? ಅಲ್ಲಿ ಕ್ಲೋರಿನ್ ಪರೀಕ್ಷೆಯನ್ನು ಕೊನೆಯ ಬಾರಿ ಯಾರು, ಯಾವಾಗ ಮಾಡಿದರು?

2. ಕಿಮೋಥೆರಪಿಯಲ್ಲಿರುವವರಿಗೆ ರಾತ್ರಿ 11 ಗಂಟೆಗೆ 101 ಡಿಗ್ರಿ ಜ್ವರ ಬಂದರೆ ನಿಮ್ಮ ವಾರ್ಡಿನಲ್ಲಿ ಏನಾಗುತ್ತದೆ? ಯಾರಿಗೆ ಮೊದಲ ಕರೆ ಹೋಗುತ್ತದೆ?

3. ಬೆರಳಚ್ಚು ಮೂಡದೆ ಪಡಿತರವಿಲ್ಲದೆ ಹಿಂದಿರುಗಿದವರು ನಿಮ್ಮ ವಾರ್ಡಿನಲ್ಲಿದ್ದಾರೆಯೇ? ಕಾರಣವನ್ನು ಯಾರಾದರೂ ಕೇಳಿದ್ದಾರೆಯೇ?

ಸಮಾರೋಪ

ರೋಗವನ್ನು ಹತೋಟಿಯಲ್ಲಿಡುವುದು ವೈದ್ಯರ ಕೆಲಸ. ಔಷಧ ಯಾವುದು, ಎಷ್ಟು ದಿನ ಎಂಬುದರಲ್ಲಿ ನಮಗೆ ಪಾತ್ರವಿಲ್ಲ. ಆದರೆ ಎರಡು ಸುತ್ತುಗಳ ನಡುವಿನ ದಿನಗಳು ಆಸ್ಪತ್ರೆಯಲ್ಲಿ ಕಳೆಯುವುದಿಲ್ಲ; ನಮ್ಮ ಬೀದಿಯಲ್ಲಿ, ನಮ್ಮ ನಲ್ಲಿಯ ನೀರಿನಲ್ಲಿ, ನಮ್ಮ ಬಸ್ ನಿಲ್ದಾಣದ ದಾರಿಯಲ್ಲಿ ಕಳೆಯುತ್ತವೆ. ಚಿಕಿತ್ಸೆ ತಪ್ಪುವುದೂ ಬಹುಮಟ್ಟಿಗೆ ಅಲ್ಲಿಯೇ. ಆದ್ದರಿಂದ "ದೀರ್ಘಕಾಲೀನ ಚಿಕಿತ್ಸೆಯಲ್ಲಿರುವ ಕುಟುಂಬಗಳಿಗೆ ಮೂಲ ಸೇವೆಗಳ ನಿರಂತರತೆ" ಎಂಬ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಚರ್ಚಿಸುವಂತೆ ಎಲ್ಲ ಗ್ರಾಮ ಪಂಚಾಯತಿಗಳನ್ನು ಕೋರುತ್ತೇನೆ.

ಈ ಪಾಠವನ್ನು ಬರೆದು ಮುಗಿಸುವ ವೇಳೆಗೆ ನಮ್ಮ ಸದಸ್ಯೆಯ ಏಳನೆಯ ಸುತ್ತಿನ ಮಾತ್ರೆಗಳು ಮುಗಿದು ಬಿಡುವಿನ ವಾರ ಆರಂಭವಾಗಿದೆ. ಮುಂದಿನ ಸ್ಕ್ಯಾನ್ ಬರುವ ತಿಂಗಳು. ಬೀದಿ ದೀಪಗಳೆರಡೂ ಉರಿಯುತ್ತಿವೆ. ನಿನ್ನೆ ಅವರು ಕಚೇರಿಗೆ ಬಂದು, ಅಂಗೀಕಾರವಾದ ಚರಂಡಿ ಕಾಮಗಾರಿ ಇನ್ನೂ ಏಕೆ ಆರಂಭವಾಗಿಲ್ಲವೆಂದು ಕೇಳಿದರು. ಅದಕ್ಕೆ ಲಿಖಿತ ಉತ್ತರ ನೀಡಬೇಕಾಗಿದೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ